ಗುಬ್ಬಿ ಕಾರ್ಖಾನೆಯ 'ಯುದ್ಧಕಾಲದ' ಹೆಲಿಕಾಪ್ಟರ್ ಸೀಟು: ನಂಬಬಹುದೇ?

ಗುಬ್ಬಿ ಎಂದರೆ ಮೊದಲೆಲ್ಲ ವೀರಣ್ಣನವರ ನಾಟಕ ಕಂಪನಿ ನೆನಪಾಗುತ್ತಿತ್ತು. ಈಗ ಹೆಲಿಕಾಪ್ಟರ್ ಕೂಡ ನೆನಪಾಗುತ್ತದೆ. ತಾಲ್ಲೂಕಿನ ಬಿದರೆಹಳ್ಳ ಕಾವಲ್‌ನ 615 ಎಕರೆಯಲ್ಲಿ ಎಚ್‌ಎಎಲ್ ಕಟ್ಟಿದ ಹೆಲಿಕಾಪ್ಟರ್ ಕಾರ್ಖಾನೆ ಉದ್ಘಾಟನೆಯಾದದ್ದು 2023ರ ಫೆಬ್ರುವರಿ 6ರಂದು. ಆದ್ದರಿಂದ 'ಗುಬ್ಬಿ ಫ್ಯಾಕ್ಟರಿಯಲ್ಲಿ ತಯಾರಾದ, ಯುದ್ಧದ ಕಾಲದ ಸೀಟು' ಎಂದು ಯಾರಾದರೂ ಮಾರಲು ಬಂದರೆ ಹೆಚ್ಚು ಯೋಚಿಸಬೇಕಿಲ್ಲ. ಆ ಕಾರ್ಖಾನೆಗೇ ಇನ್ನೂ ಅಷ್ಟು ವಯಸ್ಸಾಗಿಲ್ಲ.

ಹಾಗಾದರೆ ನಮ್ಮ ಕಡೆ ಹಳೆಯ ಸೇನಾ ಹೆಲಿಕಾಪ್ಟರ್ ಸೀಟು ಎಂದರೆ ಯಾವುದು? ಫ್ರಾನ್ಸಿನ ಅಲೂಯೆತ್-3 ತಯಾರಿಸಲು ಎಚ್‌ಎಎಲ್ 1962ರಲ್ಲಿ ಒಪ್ಪಂದ ಮಾಡಿಕೊಂಡಿತು. ಅದೇ ನಮ್ಮ ಚೇತಕ್. ಬಳಿಕ ಅದೇ ಮನೆತನದ ಚೀತಾ ಬಂತು. ಇವೆರಡೂ ಬೆಂಗಳೂರಿನ ಕೂಸುಗಳು. ಇವಲ್ಲದೆ ರಷ್ಯಾದ ಎಂಐ-8 ಇತ್ತು. ವಾಯುಪಡೆ ಅದಕ್ಕೆ 2017ರ ಡಿಸೆಂಬರ್‌ನಲ್ಲಿ ಯಲಹಂಕದಲ್ಲಿ ಬೀಳ್ಕೊಡುಗೆ ಕೊಟ್ಟಿತು.

ಸೀಟು ಜೋಡಿಸಿರುವ ರೀತಿ ನೋಡಿದರೆ ಅರ್ಧ ಗುಟ್ಟು ಬಿಡುತ್ತದೆ. ಚೇತಕ್‌ನಲ್ಲಿ ಮುಂದೆ ಮೂವರು, ಹಿಂದೆ ನಾಲ್ವರು ಕೂರುತ್ತಾರೆ. ಗಾಯಾಳುಗಳ ಸ್ಟ್ರೆಚರ್ ಇಡಲು ಹಿಂದಿನ ಸೀಟು ಮಡಚಿಕೊಳ್ಳುತ್ತದೆ. ಚೀತಾದಲ್ಲಿ ಮುಂದೆ ಇಬ್ಬರು, ಹಿಂದೆ ಮೂವರು. ಎಂಐ-8ರಲ್ಲಿ ಸೈನಿಕರಿಗೆ ಗೋಡೆಗುಂಟ ಮಡಚುವ ಬೆಂಚುಗಳು. ಅಂದರೆ ಅಸಲಿ ಸೀಟು ಎಷ್ಟೋ ಸಲ ಹಳೇ ಬಸ್ಸಿನ ಬೆಂಚಿನಷ್ಟೇ ಸಾದಾ ಆಗಿರುತ್ತದೆ. ನೋಡಿದ ತಕ್ಷಣ 'ಅಬ್ಬಾ, ಮಿಲಿಟರಿ!' ಅನ್ನಿಸುವ ದಪ್ಪ ಕುಶನ್ನಿನ ಕುರ್ಚಿಯ ಮೇಲೆಯೇ ನಮಗೆ ಹೆಚ್ಚು ಅನುಮಾನ. ಹಸಿರು ಬಣ್ಣವನ್ನಂತೂ ಯಾರು ಬೇಕಾದರೂ ಬಳಿಯಬಹುದು.

ಬಣ್ಣ ಬಿಟ್ಟು ಲೋಹದ ತಗಡು ಹುಡುಕಿ. ಸೀಟಿನ ಬೆನ್ನಿಗೋ ಅಡಿಗೋ ಹೊಡೆದ ಸಣ್ಣ ತಗಡಿನಲ್ಲಿ ತಯಾರಕರ ಹೆಸರು, ಪಾರ್ಟ್ ನಂಬರ್, ಸೀರಿಯಲ್ ನಂಬರ್ ಇರಬೇಕು. ರಷ್ಯಾದ್ದಾದರೆ ಅಕ್ಷರಗಳೂ ರಷ್ಯನ್ನೇ. ಕೆಲವದರಲ್ಲಿ 13 ಅಂಕಿಯ ನೇಟೋ ಸ್ಟಾಕ್ ನಂಬರ್ ಸಿಗುತ್ತದೆ. ಅದರ ಮೊದಲ ನಾಲ್ಕು ಅಂಕಿ ವಸ್ತುವಿನ ಜಾತಿ ಹೇಳುತ್ತವೆ. ವಿಮಾನದ ಸೀಟುಗಳು ಸಾಮಾನ್ಯವಾಗಿ ಬರುವುದು 1680ರಲ್ಲಿ. ಮುಂದಿನ ಎರಡು ಅಂಕಿ ಆ ಸಂಖ್ಯೆ ಕೊಟ್ಟ ದೇಶದ್ದು: 00 ಅಥವಾ 01 ಅಮೆರಿಕ, 14 ಫ್ರಾನ್ಸ್, 99 ಬ್ರಿಟನ್, 72 ಭಾರತ. 'ಫ್ರಾನ್ಸಿಂದ ಬಂದಿದ್ದು ಸಾರ್' ಎಂದವರ ಸೀಟಿನಲ್ಲಿ 1680-01 ಎಂದಿದ್ದರೆ ಕತೆ ಕೇಳುವುದು ಬಿಟ್ಟು ಪ್ರಶ್ನೆ ಕೇಳಬೇಕು. ತಗಡಿನ ರಿವೆಟ್‌ಗಳು ಮಾತ್ರ ಹೊಸದಾಗಿ ಹೊಳೆಯುತ್ತಿದ್ದರೂ ಅಷ್ಟೇ.

ಇನ್ನೊಂದು ನಂಬಿಕೆ, ಸೇನೆಯ ಹೆಲಿಕಾಪ್ಟರ್ ಸೀಟು ಪೈಲಟ್‌ನನ್ನು ಹೊರಕ್ಕೆ ಚಿಮ್ಮಿಸುತ್ತದೆ ಎಂಬುದು. ಮೇಲೆ ರೆಕ್ಕೆಗಳು ಗಿರಗಿರ ತಿರುಗುತ್ತಿರುವಾಗ ಚಿಮ್ಮುವುದಾದರೂ ಎಲ್ಲಿಗೆ? ರಷ್ಯಾದ ಕಾಮೋವ್ ಕೆಎ-50ರಂಥ ಅಪರೂಪದ ಯಂತ್ರದಲ್ಲಿ ಈ ವ್ಯವಸ್ಥೆ ಇದೆ, ಆದರೆ ಅಲ್ಲಿ ಮೊದಲು ರೆಕ್ಕೆಗಳನ್ನೇ ಸ್ಫೋಟಿಸಿ ಕಳಚುತ್ತಾರೆ. ಉಳಿದ ಕಡೆ ಜಾಣತನವೆಲ್ಲ ಉಲ್ಟಾ ದಿಕ್ಕಿನಲ್ಲಿದೆ. ಹೆಲಿಕಾಪ್ಟರ್ ನೆಲಕ್ಕೆ ಅಪ್ಪಳಿಸಿದಾಗ ಏಟು ನೇರ ಬೆನ್ನುಮೂಳೆಗೆ ಬೀಳುತ್ತದೆ. ಅಮೆರಿಕದ ಸೇನೆ 1967ರಲ್ಲಿ ಅಪಘಾತದಲ್ಲಿ ಬದುಕುಳಿಯುವ ವಿನ್ಯಾಸದ ಬಗ್ಗೆ ಕೈಪಿಡಿ ತಂದ ಮೇಲೆ, ಏಟಿಗೆ ತಾನೇ ಕೆಳಕ್ಕೆ ಜಾರಿ ರಭಸ ಹೀರುವ ಸೀಟುಗಳು ಬಂದವು. ಎರಡು ನಿಲುವು ಕೊಳವೆಗಳ ಮೇಲೆ ಜಾರುವಂತೆ ಕೂರಿಸಿದ ಸೀಟು ಕಂಡರೆ ಅದು ಬಹುತೇಕ ಈ ಕಾಲದ ನಂತರದ್ದು. ವಿಯೆಟ್ನಾಂ ಯುದ್ಧದ ಹ್ಯೂಯಿ ಪೈಲಟ್ ಸೀಟುಗಳಿಗೆ ಗುಂಡು ತಡೆಯುವ ಸೆರಾಮಿಕ್ ಕವಚವೂ ಇತ್ತು.

ಈಗ ನಿಮ್ಮ ಆರೋಗ್ಯದ ವಿಷಯ. ಸೀಟು ತಂದವರು ಮೊದಲು ಮಾಡುವ ಕೆಲಸ ಉಪ್ಪುಕಾಗದ ಹಿಡಿದು ಉಜ್ಜುವುದು. ದಯವಿಟ್ಟು ಬೇಡ. ಮೇಲಿನ ಬಣ್ಣದ ಅಡಿಯಲ್ಲಿ ಕಾಣುವ ಹಳದಿ-ಹಸಿರು ಪದರ ಜಿಂಕ್ ಕ್ರೋಮೇಟ್ ಇರಬಹುದು. ತುಕ್ಕು ತಡೆಯಲು ವಿಮಾನಗಳಿಗೆ ಬಳಿಯುತ್ತಿದ್ದ ಇದರ ಧೂಳು ಶ್ವಾಸಕೋಶದ ಕ್ಯಾನ್ಸರ್‌ಗೆ ಕಾರಣವಾಗಬಲ್ಲದು. ಬೋಲ್ಟುಗಳ ಮೇಲಿನ ಬಂಗಾರದ ಹೊಳಪು ಕ್ಯಾಡ್ಮಿಯಂ ಲೇಪವಾಗಿರಬಹುದು, ಅದೂ ವಿಷವೇ. ಒದ್ದೆ ಬಟ್ಟೆಯಿಂದ ಒರೆಸಿ ಹಾಗೇ ಇಡುವುದು ಒಳ್ಳೆಯದು. ಉಜ್ಜದ ಸೀಟಿಗೇ ಸಂಗ್ರಾಹಕರು ಹೆಚ್ಚು ಬೆಲೆ ಕೊಡುತ್ತಾರೆ ಅನ್ನುವುದು ಬೇರೆ ಮಾತು. ಹಳೆಯ ಬೆಲ್ಟನ್ನು ಜೀಪಿಗೋ ಕಾರಿಗೋ ಹಾಕಿಕೊಳ್ಳಬೇಡಿ. ನೈಲಾನ್ ಬಿಸಿಲಿಗೆ ಬಲ ಕಳೆದುಕೊಂಡಿರುತ್ತದೆ, ಕಣ್ಣಿಗೆ ಮಾತ್ರ ಗಟ್ಟಿಮುಟ್ಟು.

ಕಾಗದಪತ್ರ ಕೇಳಲು ಸಂಕೋಚ ಬೇಡ. ರಕ್ಷಣಾ ಇಲಾಖೆಯ ಗುಜರಿ ಸಾಮಾನು ಎಂಎಸ್‌ಟಿಸಿಯ ಇ-ಹರಾಜಿನಂಥ ದಾರಿಯಲ್ಲಿ ಹೊರಬರುತ್ತದೆ, ಕೊಂಡವರ ಬಳಿ ರಸೀದಿ ಇರುತ್ತದೆ. ರಸೀದಿಯ ಸರಪಳಿ ಇಲ್ಲದ ಸೀಟು ಕದ್ದ ಸರ್ಕಾರಿ ಮಾಲಾಗಿದ್ದರೆ, ದುಡ್ಡು ಹೋಗುವುದಲ್ಲದೆ ಠಾಣೆಗೂ ಅಲೆಯಬೇಕಾದೀತು.

ದುಡ್ಡು ಕೊಡುವ ಮೊದಲು ಒಂದು ದಿನ ಬಿಡುವು ಮಾಡಿಕೊಂಡು ಬೆಂಗಳೂರಿನ ಎಚ್‌ಎಎಲ್ ಹೆರಿಟೇಜ್ ಸೆಂಟರ್‌ಗೆ ಹೋಗಿಬನ್ನಿ. ಹಳೆಯ ಯಂತ್ರಗಳನ್ನು ಅಲ್ಲಿ ಹತ್ತಿರದಿಂದ ನೋಡಬಹುದು. ಮಾರುವವರು ಕಳಿಸಿದ ಫೋಟೋ ಮೊಬೈಲಿನಲ್ಲಿರಲಿ, ಕೊಳವೆಯ ದಪ್ಪ, ಹೊಲಿಗೆ, ರಿವೆಟ್‌ಗಳ ಸಾಲನ್ನು ಹೋಲಿಸಿ ನೋಡಿ.