ಮಸ್ತು, ವಾಜಿನ, ಆಮಿಕ್ಷೆ

ಕ್ಷೀರವಿಕಾರಗಳನ್ನು ಹೇಳುವ ಸಂಸ್ಕೃತ ಶಬ್ದಗಳಿಗೆ ಕನ್ನಡದಲ್ಲಿ ಅರ್ಥ ಬರೆಯುವಾಗ ಮಸ್ತು, ವಾಜಿನ, ತಕ್ರ ಈ ಮೂರನ್ನೂ ‘ಮಜ್ಜಿಗೆ’ ಎಂಬ ಒಂದೇ ಮಾತಿನಿಂದ ತೀರಿಸಿಬಿಡುವುದೂ, ಆಮಿಕ್ಷೆಗೆ ‘ಮೊಸರು’ ಎಂದು ಹೇಳಿ ಮುಂದೆ ಸಾಗುವುದೂ ಅಪರೂಪವಲ್ಲ. ಇದನ್ನು ಅಲ್ಪದೋಷವೆಂದು ಎಣಿಸಲಾಗದು. ಮೊಸರನ್ನು ಗುರುವೆಂದೂ ಅಭಿಷ್ಯಂದಿಯೆಂದೂ ಹೇಳುವ ವೈದ್ಯಶಾಸ್ತ್ರವೇ ಅದರಿಂದ ಇಳಿದ ಮಸ್ತುವನ್ನು ಲಘುವೆಂದೂ ಸ್ರೋತಸ್ಸುಗಳನ್ನು ಶೋಧಿಸತಕ್ಕದ್ದೆಂದೂ ಹೇಳುತ್ತದೆ. ಅರ್ಥ ಬರೆಯುವವನು ಒಂದರ ಹೆಸರನ್ನು ಇನ್ನೊಂದಕ್ಕೆ ಇಟ್ಟರೆ ರೋಗಿಯ ಪಥ್ಯವೇ ವಿಪರೀತವಾಗುವುದು. ಈ ಪದಾರ್ಥಗಳ ಭೇದವನ್ನು ಅರಿಯಲು ಕೋಶಗಳನ್ನು ತಿರುವಿದರೆ ಸಾಲದು. ಅಡುಗೆಮನೆಯಲ್ಲಿ ಒಂದು ರಾತ್ರಿಯ ಪರೀಕ್ಷೆ ಬೇಕು.

ಮೊದಲು ಮಸ್ತು. ಒಂದು ಲೀಟರು ಹಾಲನ್ನು ಚೆನ್ನಾಗಿ ಕಾಯಿಸಿ, ಬೆರಳು ತಾಳುವಷ್ಟು ಬಿಸಿಗೆ, ಎಂದರೆ ಸುಮಾರು 40 ಡಿಗ್ರಿ ಸೆಂಟಿಗ್ರೇಡಿಗೆ, ಆರಿಸಿ ಒಂದು ಚಮಚ ಹೆಪ್ಪು ಹಾಕಿಡಬೇಕು. ಆರೆಂಟು ಗಂಟೆಗಳಲ್ಲಿ ಮೊಸರು ಗಟ್ಟಿಯಾಗುವುದು. ಅದನ್ನು ಕಡೆಯದೆ, ಒಗೆದು ಒಣಗಿಸಿದ ತೆಳುವಾದ ಬಿಳಿಯ ಬಟ್ಟೆಗೆ ಸುರಿದು, ಗಂಟು ಕಟ್ಟಿ ನೆಲುವಿನಂತೆ ತೂಗುಹಾಕಿ, ಕೆಳಗೆ ಪಾತ್ರೆ ಇಡತಕ್ಕದ್ದು. ಪಾತ್ರೆ ಗಾಜಿನದೋ ಉಕ್ಕಿನದೋ ಆಗಿರಲಿ. ಹುಳಿಯ ದ್ರವಕ್ಕೆ ಕಲಾಯಿಯಿಲ್ಲದ ತಾಮ್ರ ಹಿತ್ತಾಳೆಗಳು ಸಲ್ಲವು. ಗಂಟನ್ನು ಹಿಂಡುವ ಆತುರ ಅನೇಕರಿಗೆ ಉಂಟು. ಹಿಂಡಿದರೆ ಘನಾಂಶವು ಬಟ್ಟೆಯಿಂದ ಹೊರಬಿದ್ದು ತಿಳಿಯು ಕದಡಿ ಬೆಳ್ಳಗಾಗುತ್ತದೆ. ತಾನಾಗಿ ಇಳಿಯಬಿಟ್ಟರೆ ಹಸುರು ಬೆರೆತ ಹಳದಿಯ, ಪಾರದರ್ಶಕವಾದ ನೀರು ದೊರೆಯುವುದು. ಆ ಬಣ್ಣಕ್ಕೆ ರೈಬೊಫ್ಲೇವಿನ್ ಎಂಬ ಜೀವಸತ್ವವೇ ಕಾರಣ. ಇದೇ ಮಸ್ತು. ಅಮರಸಿಂಹನು ಇದನ್ನು ಮೊಸರಿನಿಂದ ಹುಟ್ಟಿದ ಮಂಡವೆಂದು ವೈಶ್ಯವರ್ಗದಲ್ಲಿ ಹೇಳಿರುವುದು ಎಷ್ಟು ಸಮಂಜಸವೆಂಬುದು ಅನ್ನದ ಗಂಜಿ ಬಸಿದವರಿಗೆ ವಿದಿತವೇ ಆಗಿದೆ. ನಾಲ್ಕೈದು ಗಂಟೆ ಕಳೆದರೆ ಬಟ್ಟೆಯಲ್ಲಿ ಉಳಿದದ್ದು ಸಕ್ಕರೆ ಕಲಸಲು ತಕ್ಕ ಹದಕ್ಕೆ ಬರುವುದು. ತಂಪಾದ ಸ್ಥಳದಲ್ಲಿ ರಾತ್ರಿಯೆಲ್ಲ ಬಿಟ್ಟರೆ ಮುದ್ದೆಯಾಗಿ ನಿಲ್ಲುವುದು. ಬೇಸಗೆಯಲ್ಲಿ ಹೊರಗೇ ತೂಗುಹಾಕಿದರೆ ಹುಳಿ ಮೀರುತ್ತದೆ. ಎಮ್ಮೆಯ ಹಾಲಿನಲ್ಲಿ ಘನಾಂಶ ಅಧಿಕವಾದುದರಿಂದ ಮುದ್ದೆಯೂ ಅಧಿಕ.

ಆಮಿಕ್ಷೆಯ ಕ್ರಮ ಬೇರೆ. ಕುದಿಬಂದ ಹಾಲಿಗೆ ಹುಳಿಮೊಸರನ್ನು ಸ್ವಲ್ಪ ಸ್ವಲ್ಪವಾಗಿ ಎರೆದರೆ ಹಾಲು ಕ್ಷಣಮಾತ್ರದಲ್ಲಿ ಒಡೆದು, ಬಿಳಿಯ ಗರಣೆಗಳು ಒಂದೆಡೆ, ತಿಳಿನೀರು ಒಂದೆಡೆ ಆಗುವುವು. ಒಡೆದ ಕೂಡಲೇ ಉರಿ ತೆಗೆಯಬೇಕು. ತಡವಾದರೆ ಗರಣೆ ಬಿರುಸಾಗುವುದು. ಬಟ್ಟೆಯಲ್ಲಿ ಸೋಸಿದಾಗ ಮೇಲೆ ನಿಂತದ್ದು ಆಮಿಕ್ಷೆ, ಕೆಳಗಿಳಿದದ್ದು ವಾಜಿನ. ಹಾಲಿನ ಕೇಸಿನ್ ಎಂಬ ಸತ್ವವು ಹುಳಿ ಏರಿದಾಗ ಗಟ್ಟಿಯಾಗುವುದು ಎರಡು ಕ್ರಮಗಳಿಗೂ ಸಮಾನ. ಮೊಸರಿನಲ್ಲಿ ಆ ಹುಳಿಯನ್ನು ಸೂಕ್ಷ್ಮಜೀವಿಗಳು ರಾತ್ರಿಯೆಲ್ಲ ಮೆಲ್ಲಮೆಲ್ಲನೆ ಹುಟ್ಟಿಸುವುದರಿಂದ ಕೇಸಿನ್ನು ಬಲೆಯಂತೆ ಹೆಣೆದುಕೊಂಡು ನೀರನ್ನು ಒಳಗೇ ಹಿಡಿದಿಡುತ್ತದೆ. ಕುದಿಯುವ ಹಾಲಿನಲ್ಲಿಯಾದರೋ ಶಾಖವೂ ಹುಳಿಯೂ ಏಕಕಾಲದಲ್ಲಿ ಬಿದ್ದು, ಬಲೆ ಹೆಣೆಯಲು ಅವಕಾಶವೇ ಇಲ್ಲದೆ ನೀರು ಬೇರ್ಪಡುತ್ತದೆ. ಆದಕಾರಣ ಮೊಸರಿನ ಮುದ್ದೆ ಬೆಣ್ಣೆಯಂತೆ ನುಣುಪು, ಆಮಿಕ್ಷೆ ಹರಳು ಹರಳು. ಮೊದಲನೆಯದು ಹುಳಿ, ಎರಡನೆಯದು ಬಹುಮಟ್ಟಿಗೆ ಸಿಹಿ.

ಚಾತುರ್ಮಾಸ್ಯದ ವೈಶ್ವದೇವಪರ್ವದಲ್ಲಿ ಆಮಿಕ್ಷೆ ವಿಶ್ವೇದೇವರಿಗೆ, ವಾಜಿನ ವಾಜಿಗಳಿಗೆ. ಬಿಸಿಹಾಲಿಗೆ ಮೊಸರನ್ನು ಎರೆಯುವುದು ಇವೆರಡರಲ್ಲಿ ಯಾವುದರ ನಿಮಿತ್ತ ಎಂಬ ವಿಚಾರ ಜೈಮಿನಿಯ ನಾಲ್ಕನೆಯ ಅಧ್ಯಾಯದಲ್ಲಿ ಬಂದಿದೆ. ಒಂದೇ ಕ್ರಿಯೆಯಿಂದ ಎರಡೂ ಹುಟ್ಟುವುದರಿಂದ ಎರಡೂ ಸಮಾನವೆಂದು ಪೂರ್ವಪಕ್ಷ; ಆಮಿಕ್ಷೆಯೇ ಪ್ರಯೋಜಕ, ವಾಜಿನ ಆನುಷಂಗಿಕವೆಂದು ಸಿದ್ಧಾಂತ. ಆಮಿಕ್ಷೆಯೆಂದರೆ ಘನೀಭವಿಸಿದ ಹಾಲೇ ಎಂಬುದು ಈ ಸಿದ್ಧಾಂತಕ್ಕೆ ಆಧಾರ. ಆಮಿಕ್ಷೆಗೆ ‘ಮೊಸರು’ ಎಂದು ಅರ್ಥ ಹೇಳಿಸಿಕೊಂಡ ವಿದ್ಯಾರ್ಥಿಗೆ ಈ ಅಧಿಕರಣ ಹೇಗೆ ತಾನೆ ಹಿಡಿದೀತು? ಮೊಸರು ಇಲ್ಲಿ ಎರೆಯುವ ದ್ರವ್ಯ. ಹುಟ್ಟುವ ದ್ರವ್ಯ ಬೇರೆ. ವಿನೋದವೆಂದರೆ, ಹಾಲಿನ ಸಕ್ಕರೆಯ ಹೆಚ್ಚಿನ ಪಾಲು ವಾಜಿನದಲ್ಲಿಯೇ ಕರಗಿ ಹೋಗುವುದು. ಆದರೂ ಕೊಬ್ಬು ಆಮಿಕ್ಷೆಯಲ್ಲಿ ನಿಲ್ಲುವುದರಿಂದ ನಾಲಗೆಯು ಅದನ್ನೇ ಹಾಲೆಂದು ಗುರುತಿಸುತ್ತದೆ.

ಇನ್ನು ತಕ್ರ. ಇದು ಕಡೆದ ಮೊಸರು. ಕಾಲುಪಾಲು ನೀರು ಬೆರೆತರೆ ತಕ್ರ, ಅರ್ಧ ಬೆರೆತರೆ ಉದಶ್ವಿತ್, ನೀರೇ ಇಲ್ಲದಿದ್ದರೆ ಮಥಿತ ಎಂದು ಅಮರಕೋಶದ ವಿಭಾಗ. ಬೆಣ್ಣೆ ತೆಗೆದರೂ ಕೇಸಿನ್ನು ಇದರಲ್ಲಿಯೇ ಉಳಿಯುವುದರಿಂದ ಇದು ಬಿಳುಪು. ಸಂದೇಹವಿದ್ದವರು ಮಜ್ಜಿಗೆಯನ್ನೂ ಮಸ್ತುವನ್ನೂ ಬೇರೆ ಬೇರೆ ಕಾಯಿಸಿ ನೋಡಬಹುದು: ಮಜ್ಜಿಗೆ ಒಡೆದು ಗರಣೆಗಟ್ಟುವುದು, ಮಸ್ತುವಿನಲ್ಲಿ ಅಂತಹ ಗರಣೆ ಕಾಣದು.

ಇಂಗ್ಲಿಷ್ ಕನ್ನಡ ನಿಘಂಟುಗಳಲ್ಲಿ ಚೀಸಿಗೆ ‘ಗಿಣ್ಣು’ ಎಂದು ಕೊಡುವ ರೂಢಿಯೂ ಇಲ್ಲಿಯೇ ವಿಚಾರಾರ್ಹ. ಗಿಣ್ಣು ಈದ ಹಸುವಿನ ಮೊದಲ ಹಾಲಿನಿಂದ ಆದದ್ದು. ಸಂಸ್ಕೃತದಲ್ಲಿ ಆ ಹಾಲಿಗೆ ಪೀಯೂಷವೆಂದು ಹೆಸರು. ಅದಕ್ಕೆ ಹೆಪ್ಪೂ ಬೇಡ, ಹುಳಿಯೂ ಬೇಡ; ಬರಿಯ ಶಾಖದಿಂದಲೇ ಹೆಪ್ಪುಗಟ್ಟುವುದು. ಸೋಸಿ ನೀರು ತೆಗೆಯುವ ಕೆಲಸವೇ ಅದರಲ್ಲಿಲ್ಲ. ಬಟ್ಟೆಯಲ್ಲಿ ಕಟ್ಟಿದ ಮೊಸರಿಗಾದರೋ ಬೆಳಗಾವಿ ಧಾರವಾಡಗಳ ಕಡೆ ‘ಚಕ್ಕಾ’ ಎಂಬ ಹೆಸರು ಬಳಕೆಯಲ್ಲಿದೆ. ಶ್ರೀಖಂಡವನ್ನು ಮಾಡುವುದು ಅದರಿಂದಲೇ. ಕಲ್ಯಾಣದ ಚಾಲುಕ್ಯ ಮೂರನೆಯ ಸೋಮೇಶ್ವರನ ಮಾನಸೋಲ್ಲಾಸದಲ್ಲಿ ಬರುವ ಶಿಖರಿಣಿಯು ಇದೇ ಜಾತಿಯ ಭಕ್ಷ್ಯ. ಆಮಿಕ್ಷೆಗೆ ‘ಒಡೆದ ಹಾಲಿನ ಗರಣೆ’ ಎಂದೂ, ವಾಜಿನಕ್ಕೆ ‘ಹಾಲೊಡಕಿನ ನೀರು’ ಎಂದೂ, ಮಸ್ತುವಿಗೆ ‘ಮೊಸರಿನ ತಿಳಿ’ ಎಂದೂ ಬರೆದರೆ ಓದುವವನಿಗೆ ವಸ್ತು ಕಣ್ಣಿಗೆ ಕಟ್ಟುವುದು. ಕೆಳಗಿಳಿದ ತಿಳಿಯನ್ನು ಚೆಲ್ಲಬೇಕಾದದ್ದಿಲ್ಲ. ಚಪಾತಿಯ ಹಿಟ್ಟು ಕಲಸಲು ಅದು ನೀರಿಗಿಂತ ಲೇಸು, ಸಾರಿಗೆ ಹಾಕಿದರೆ ಹುಣಿಸೆಯನ್ನು ಅಷ್ಟು ಕಡಮೆ ಮಾಡಬಹುದು.