ಗಂಟು ಕತ್ತರಿಸಿದ ಮೇಲೆ ಒಂದು ವರ್ಷ ಎಲ್ಲಿರ್ತೀರಿ?

"ಕೂಸಿಗೆ ವರ್ಷ ತುಂಬಾಕ ಬಂತು. ಕಿವಿ ಯಾವಾಗ ಚುಚ್ಚಸ್ತೀಯವಾ?"

ಪ್ರತಿ ಭಾನುವಾರ ರಾಣೆಬೆನ್ನೂರಿನಿಂದ ವಿಡಿಯೊ ಕಾಲ್ ಮಾಡುವ ಅವ್ವನ ಮೊದಲ ಪ್ರಶ್ನೆ ಇದೇ. ಮೊಮ್ಮಗಳಿಗೆಂದು ಪತ್ತಾರರ ಹತ್ತಿರ ಬಂಗಾರದ ಪುಟ್ಟ ರಿಂಗು ಮಾಡಿಸಿ ಇಟ್ಟುಕೊಂಡಿದ್ದಾಳೆ. ಪುಣೆಯ ಫ್ಲ್ಯಾಟಿನಲ್ಲಿ ಕೂತು ನಾನು "ನೋಡೋಣು ಬಿಡವಾ" ಎನ್ನುತ್ತೇನೆ. ಹಾಗೆನ್ನುವಾಗ ಕೈ ತಾನಾಗಿಯೇ ಎಡಗಿವಿಯತ್ತ ಹೋಗುತ್ತದೆ. ಕಿವಿಹಾಲೆಯ ಹಿಂದೆ ಸಣ್ಣದೊಂದು ಗೆರೆ ಇದೆ. ಆ ಗೆರೆಗೆ ಹತ್ತು ವರ್ಷದ ಕಥೆ ಇದೆ.

2013ರಲ್ಲಿ ಎಂ.ಟೆಕ್ ಪ್ರಾಜೆಕ್ಟ್ ವೈವಾ ಮುಗಿದ ಖುಷಿಗೆ ಗೆಳತಿಯರ ಜೊತೆ ಮಾಲ್‌ಗೆ ಹೋಗಿದ್ದೆ. ಎಡಗಿವಿಗೆ ಮಾತ್ರ ಎರಡನೇ ತೂತು ಹಾಕಿಸುವುದು ಆಗ ನಮ್ಮ ಗುಂಪಿನ ಫ್ಯಾಶನ್. ಅಂಗಡಿಯ ಹುಡುಗ ಗನ್ ಹಿಡಿದು 'ಟಿಕ್' ಎನ್ನಿಸಿದ, ಮುಗಿಯಿತು. ನಾಲ್ಕು ತಿಂಗಳಾದ ಮೇಲೆ ತೂತಿನ ಹಿಂದೆ ಬಟಾಣಿಯಷ್ಟು ಗಟ್ಟಿ ಗಂಟು ಕೈಗೆ ಸಿಕ್ಕಿತು. ಉಷ್ಣಕ್ಕೆ ಆಗಿರಬೇಕು ಎಂದು ಅವ್ವ ಅರಿಶಿನ ಹಚ್ಚಿದಳು, ಸುಣ್ಣ ಹಚ್ಚಿದಳು. ಗಂಟು ಹುಣಸೆಬೀಜದಷ್ಟಾಯಿತು. ರಾತ್ರಿ ತುರಿಕೆ, ಆ ಮಗ್ಗುಲಿಗೆ ಮಲಗಿದರೆ ನೋವು.

ಪುಣೆಗೆ ಕೆಲಸಕ್ಕೆ ಬಂದ ಮೇಲೆ ಕೂದಲು ಬಿಟ್ಟು ಮುಚ್ಚಿಕೊಳ್ಳುವುದು, ಹೆಡ್‌ಸೆಟ್ಟನ್ನು ಬಲಗಿವಿಗಷ್ಟೇ ಇಟ್ಟುಕೊಳ್ಳುವುದು, ಮೀಟಿಂಗ್‌ನಲ್ಲಿ ಕ್ಯಾಮೆರಾಕ್ಕೆ ಬಲಗೆನ್ನೆ ಕೊಡುವುದು ಎಲ್ಲ ರೂಢಿಯಾಯಿತು. 2016ರ ದೀಪಾವಳಿಗೆ ಹತ್ತು ದಿನ ರಜೆ ಹಾಕಿ ಊರಿಗೆ ಹೋದಾಗ ಒಂದು ನರ್ಸಿಂಗ್ ಹೋಮ್‌ನಲ್ಲಿ ತೆಗೆಸಿಕೊಂಡೆ. ಅರ್ಧ ಗಂಟೆಯ ಕೆಲಸ. ಏಳನೇ ದಿನ ಹೊಲಿಗೆ ಬಿಚ್ಚಿಸಿಕೊಂಡು ರಾತ್ರಿ ಬಸ್ ಹತ್ತಿದೆ. ಮುಂದೆ ಏನು ಮಾಡಬೇಕು ಎಂದು ಅವರೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಯುಗಾದಿ ಹೊತ್ತಿಗೆ ಗಂಟು ವಾಪಸ್ ಬಂದಿತ್ತು, ಈ ಸಲ ನೆಲ್ಲಿಕಾಯಿಯಷ್ಟು.

ನಿಲ್ಲಲು ಗೊತ್ತಿಲ್ಲದ ಗಾಯ

ಈ ಗಂಟಿನ ಹೆಸರು ಕೀಲಾಯ್ಡ್. 19ನೇ ಶತಮಾನದ ಆರಂಭದಲ್ಲಿ ಫ್ರಾನ್ಸಿನ ಚರ್ಮವೈದ್ಯ ಅಲಿಬೆರ್, ಏಡಿಯ ಕೊಂಡಿಗಿರುವ ಗ್ರೀಕ್ ಪದದಿಂದ ಈ ಹೆಸರು ಕಟ್ಟಿದರು. ಏಡಿ ಕಾಲು ಚಾಚಿದಂತೆ ಇದು ಗಾಯದ ಗಡಿ ದಾಟಿ ಆಚೀಚಿನ ಒಳ್ಳೆಯ ಚರ್ಮಕ್ಕೂ ಹಬ್ಬುತ್ತದೆ. ಗಾಯದ ಗಡಿಯೊಳಗೇ ಉಬ್ಬಿ ನಿಲ್ಲುವ ಕಲೆ ಬೇರೆ; ಅದು ಎಷ್ಟೋ ಸಲ ಕಾಲ ಕಳೆದಂತೆ ತಾನಾಗಿ ತಗ್ಗುತ್ತದೆ. ಕೀಲಾಯ್ಡ್ ಹಾಗೆ ತಗ್ಗುವುದು ಅಪರೂಪ. ಇದು ಕ್ಯಾನ್ಸರ್ ಅಲ್ಲ, ಅಂಟುರೋಗವೂ ಅಲ್ಲ.

ಗಾಯವಾದಾಗ ದೇಹ ಕೊಲಾಜೆನ್ ಎಂಬ ಪ್ರೋಟೀನ್ ಸುರಿದು ಬಿರುಕು ತುಂಬುತ್ತದೆ. ತುಂಬಿದ ಮೇಲೆ ಕೆಲಸ ನಿಲ್ಲಬೇಕು. ಕೀಲಾಯ್ಡ್ ಸ್ವಭಾವದ ಚರ್ಮದಲ್ಲಿ ಅದು ನಿಲ್ಲುವುದಿಲ್ಲ. ನಮ್ಮ ಕಸುಬಿನ ಮಾತಿನಲ್ಲಿ ಹೇಳುವುದಾದರೆ, ಲೂಪ್ ಬರೆದವರು ಅದು ನಿಲ್ಲುವ ಷರತ್ತು ಬರೆಯುವುದನ್ನೇ ಮರೆತಿದ್ದಾರೆ. ಕಿವಿಹಾಲೆ, ಎದೆಯ ನಡುಭಾಗ, ಹೆಗಲು, ಬಿಸಿಜಿ ಲಸಿಕೆ ಹಾಕುವ ತೋಳು ಇದರ ಮೆಚ್ಚಿನ ಜಾಗಗಳು. ಕಪ್ಪು-ಕಂದು ಮೈಬಣ್ಣದವರಲ್ಲಿ ಹೆಚ್ಚು. ಹತ್ತರಿಂದ ಮೂವತ್ತರ ವಯಸ್ಸಿನಲ್ಲಿ ಹೆಚ್ಚು. ಮನೆತನದಲ್ಲೂ ಹರಿದು ಬರುತ್ತದೆ.

ಅದನ್ನು ಕತ್ತರಿಸುವುದೆಂದರೆ ಅದೇ ಜಾಗದಲ್ಲಿ ಹೊಸ ಗಾಯ ಮಾಡುವುದು, ಅಂದರೆ ಅದೇ ಲೂಪನ್ನು ಮತ್ತೆ ಓಡಿಸುವುದು. ಬರೀ ಕತ್ತರಿಸಿ ಬಿಟ್ಟರೆ ನೂರಕ್ಕೆ 45ರಿಂದ ಹಿಡಿದು ನೂರಕ್ಕೆ ನೂರರವರೆಗೂ ಮರಳಿ ಬಂದದ್ದು ವೈದ್ಯಕೀಯ ಬರಹಗಳಲ್ಲಿ ದಾಖಲಾಗಿದೆ. ನನ್ನದು ಆ ಲೆಕ್ಕದಲ್ಲಿ ಒಂದು.

ಎರಡನೇ ಸಲ

ನಾಲ್ಕೈದು ವರ್ಷ ಕೂದಲ ಹಿಂದೆ ಅಡಗಿಸಿಕೊಂಡು ಕಳೆದೆ. ಕೊರೊನಾ ಕಾಲದಲ್ಲಿ ಮಾಸ್ಕಿನ ದಾರ ಉಜ್ಜಿ ಉಜ್ಜಿ ಗಂಟು ಕೆಂಪಾದಾಗ ತಡೆಯಲಾಗಲಿಲ್ಲ. 2021ರಲ್ಲಿ ಪುಣೆಯಲ್ಲೇ ಒಬ್ಬ ಪ್ಲಾಸ್ಟಿಕ್ ಸರ್ಜನ್ ಹತ್ತಿರ ಹೋದೆ. ಅವರು ಕಿವಿ ನೋಡಿ ಕೇಳಿದ ಮೊದಲ ಪ್ರಶ್ನೆ: "ಕತ್ತರಿಸೋದು ಅರ್ಧ ಗಂಟೆ. ಆಮೇಲೆ ಒಂದು ವರ್ಷ ಎಲ್ಲಿರ್ತೀರಿ?"

ಊರಿನ ನರ್ಸಿಂಗ್ ಹೋಮ್‌ನಲ್ಲಿ ಐದು ವರ್ಷದ ಹಿಂದೆ ನಾನು ಕೇಳಿಸಿಕೊಳ್ಳಬೇಕಿದ್ದ ಪ್ರಶ್ನೆ ಅದು.

ಕೀಲಾಯ್ಡ್‌ಗೆ ಶಸ್ತ್ರಚಿಕಿತ್ಸೆ ಒಂದೇ ಬಗೆಯದಲ್ಲ ಎಂದು ಆವತ್ತು ತಿಳಿಯಿತು. ಚಿಕ್ಕದಿದ್ದರೆ ಪೂರ್ತಿ ಕತ್ತರಿಸಿ, ಅಂಚುಗಳನ್ನು ಎಳೆತ ಬೀಳದಂತೆ ಸೇರಿಸಿ ಹೊಲಿಯುತ್ತಾರೆ. ದೊಡ್ಡದಿದ್ದರೆ ಸಿಪ್ಪೆ ಉಳಿಸಿ ತಿರುಳು ತೆಗೆದ ಹಾಗೆ, ಒಳಗಿನ ಗಟ್ಟಿ ಭಾಗವನ್ನಷ್ಟೇ ತೆಗೆದು ಮೇಲಿನ ತೆಳು ಚರ್ಮವನ್ನೇ ಹೊದಿಸುತ್ತಾರೆ. ಕಿವಿಯ ಆಕಾರವೂ ಉಳಿಯುತ್ತದೆ. ನನಗೆ ಮಾಡಿದ್ದು ಇದನ್ನೇ, ಕಿವಿಗಷ್ಟೇ ಅರಿವಳಿಕೆ ಕೊಟ್ಟು. ಬೇರೆ ಕಡೆಯ ಚರ್ಮ ತಂದು ಕಸಿ ಮಾಡುವುದನ್ನು ಸಾಧ್ಯವಾದಷ್ಟೂ ತಪ್ಪಿಸುತ್ತಾರೆ, ಏಕೆಂದರೆ ಚರ್ಮ ತೆಗೆದ ಜಾಗದಲ್ಲೂ ಹೊಸ ಕೀಲಾಯ್ಡ್ ಏಳಬಹುದು. ತೆಗೆದ ಗಂಟನ್ನು ಲ್ಯಾಬ್‌ಗೆ ಕಳಿಸಿ, ಅದು ಬೇರೇನೂ ಅಲ್ಲ ಎಂದು ಖಾತ್ರಿ ಮಾಡಿಕೊಂಡರು.

ಎದೆ, ಹೆಗಲಿನ ಕಥೆ ಬೇರೆ. ಅಲ್ಲಿ ಚರ್ಮ ಸದಾ ಎಳೆತದಲ್ಲಿರುತ್ತದೆ. ಟೋಕಿಯೊದ ನಿಪ್ಪಾನ್ ಮೆಡಿಕಲ್ ಸ್ಕೂಲಿನ ಡಾ. ರೇ ಒಗಾವಾ ಈ ಎಳೆತಕ್ಕೂ ಕೀಲಾಯ್ಡ್‌ಗೂ ಇರುವ ನಂಟಿನ ಬಗ್ಗೆ ತುಂಬ ಕೆಲಸ ಮಾಡಿದ್ದಾರೆ. ಎಳೆತವೇ ಇಲ್ಲದ ಮೇಲಿನ ಕಣ್ಣುರೆಪ್ಪೆಯಲ್ಲಿ ಕೀಲಾಯ್ಡ್ ಬಹಳ ಅಪರೂಪ. ಹಾಗಾಗಿ ಎದೆಯಂಥ ಕಡೆ ಒಳಪದರದಲ್ಲೇ ಬಿಗಿ ಹೊಲಿಗೆ ಹಾಕಿ ಮೇಲ್ಚರ್ಮಕ್ಕೆ ಭಾರ ಬೀಳದಂತೆ ನೋಡಿಕೊಳ್ಳುವುದು, ನೇರ ಗೆರೆಯ ಬದಲು ಝಡ್ ಆಕಾರದಲ್ಲಿ ಕತ್ತರಿಸಿ ಹೊಲಿದು ಎಳೆತ ಮುರಿಯುವುದು ಮುಂತಾದ ವಿಧಾನಗಳಿವೆ. ದ್ರವ ಸಾರಜನಕದಿಂದ ಗಂಟನ್ನು ಹೆಪ್ಪುಗಟ್ಟಿಸುವ ಕ್ರಯೋಥೆರಪಿ ಚಿಕ್ಕ ಗಂಟುಗಳಿಗೆ ಆಗುತ್ತದೆ, ಆದರೆ ನಮ್ಮಂಥ ಕಂದು ಚರ್ಮದಲ್ಲಿ ಬಿಳಿ ಮಚ್ಚೆ ಉಳಿಯಬಹುದು. ಲೇಸರ್‌ನಿಂದ ಸುಟ್ಟು ತೆಗೆಯುವುದೂ ಒಂಟಿಯಾಗಿ ಮಾಡಿದರೆ ಕತ್ತಿಯಷ್ಟೇ, ಗಂಟು ಮರಳುತ್ತದೆ.

ನಿಜವಾದ ಚಿಕಿತ್ಸೆ ಹೊಲಿಗೆ ಹಾಕಿದ ಮೇಲೆ ಶುರುವಾಗುತ್ತದೆ. ಟ್ರಯಾಮ್ಸಿನೊಲೋನ್ ಎಂಬ ಸ್ಟಿರಾಯ್ಡ್ ಇಂಜೆಕ್ಷನ್ನನ್ನು ಗಾಯದ ಜಾಗಕ್ಕೇ ನಾಲ್ಕರಿಂದ ಆರು ವಾರಕ್ಕೊಮ್ಮೆ ಕೊಡುತ್ತಾರೆ. ನೋವಾಗುತ್ತದೆ, ಸುಳ್ಳು ಹೇಳುವುದಿಲ್ಲ. ಮೂರನೇ ಸಲ ಸರದಿಯಲ್ಲಿ ಕೂತಿದ್ದಾಗ ಎದ್ದು ಹೋಗಿಬಿಡಲೇ ಅನ್ನಿಸಿತ್ತು. ಕೆಲವರಿಗೆ 5-ಎಫ್‌ಯು ಎಂಬ ಔಷಧವನ್ನೂ ಸೇರಿಸುತ್ತಾರೆ. ಗರ್ಭಿಣಿಯರಿಗೆ ಅದು ಸಲ್ಲದು. ಮದುವೆ, ಮಗು ಎಲ್ಲ ನಮ್ಮ ಯೋಜನೆಯಲ್ಲಿದ್ದದ್ದರಿಂದ ನನಗೆ ಬೇಡವೆಂದರು. ಜೊತೆಗೆ ಕಿವಿಹಾಲೆಯನ್ನು ಎರಡೂ ಬದಿಯಿಂದ ಒತ್ತಿ ಹಿಡಿಯುವ ಕ್ಲಿಪ್. ಓಲೆಯಂತೆಯೇ ಕಾಣುತ್ತದೆ, ಆದರೆ ದಿನಕ್ಕೆ ಹನ್ನೆರಡು ಗಂಟೆಗೂ ಹೆಚ್ಚು ಹೊತ್ತು, ತಿಂಗಳುಗಟ್ಟಲೆ ಹಾಕಿಕೊಳ್ಳಬೇಕು. ವರ್ಕ್ ಫ್ರಂ ಹೋಮ್ ಇದ್ದದ್ದು ಅನುಕೂಲವಾಯಿತು. ಕಿವಿ ಬಿಟ್ಟು ಬೇರೆ ಕಡೆಯಾದರೆ ಕ್ಲಿಪ್ ಬದಲು ಸಿಲಿಕೋನ್ ಶೀಟ್ ಅಂಟಿಸುತ್ತಾರೆ.

ಇನ್ನೊಂದು ದಾರಿ ರೇಡಿಯೇಷನ್. ನಮ್ಮ ಟೀಮಿನಲ್ಲಿ ಧಾರವಾಡದ ಹುಡುಗನೊಬ್ಬನಿದ್ದಾನೆ. ಮೊಡವೆಯಿಂದ ಶುರುವಾದ ಕೀಲಾಯ್ಡ್ ಅವನ ಎದೆಯಗಲ ಹಬ್ಬಿತ್ತು. ಅವನಿಗೆ ಶಸ್ತ್ರಚಿಕಿತ್ಸೆ ಮಾಡಿ ಮರುದಿನವೇ ರೇಡಿಯೇಷನ್ ಶುರು ಮಾಡಿದರು. ಸಾಮಾನ್ಯವಾಗಿ 24 ಗಂಟೆಯ ಆಸುಪಾಸಿನಲ್ಲೇ ಮೊದಲ ಡೋಸ್ ಕೊಡುತ್ತಾರೆ. ಕತ್ತರಿಸುವುದೊಂದು ಕಡೆ, ರೇಡಿಯೇಷನ್ ಇನ್ನೊಂದು ಊರಲ್ಲಿ ಎಂದರೆ ನಡೆಯುವುದಿಲ್ಲ. ಮರಳುವುದನ್ನು ತಡೆಯುವಲ್ಲಿ ಇದು ಬಲವಾದ ಅಸ್ತ್ರ. ಆದರೆ ಮುಂದೆಂದೋ ಕ್ಯಾನ್ಸರ್ ಬರುವ ಸಣ್ಣ ಸಾಧ್ಯತೆಯನ್ನೂ ಲೆಕ್ಕಕ್ಕೆ ಹಿಡಿಯಬೇಕಾದ್ದರಿಂದ ಮಕ್ಕಳಿಗೆ, ಗರ್ಭಿಣಿಯರಿಗೆ ಕೊಡುವುದಿಲ್ಲ. ಥೈರಾಯ್ಡ್, ಸ್ತನದ ಹತ್ತಿರ ಬಹಳ ಎಚ್ಚರ ವಹಿಸುತ್ತಾರೆ.

ನನಗೆ ಎಂಟನೇ ತಿಂಗಳಲ್ಲಿ ಗೆರೆ ಸ್ವಲ್ಪ ಉಬ್ಬಿತು. ಎದೆ ಧಸಕ್ಕೆಂದಿತು. ಅದೇ ವಾರ ಹೋಗಿ ತೋರಿಸಿದೆ. ಎರಡು ಇಂಜೆಕ್ಷನ್ನಿಗೆ ತಗ್ಗಿತು. ಊರಿನಲ್ಲಿ ಮಾಡಿಸಿ ಇಲ್ಲಿಗೆ ಬಂದಿದ್ದರೆ ಮುಂದಿನ ಹಬ್ಬದವರೆಗೆ ಕಾಯುತ್ತಿದ್ದೆ. ಎರಡು ವರ್ಷ ತಪ್ಪದೆ ತೋರಿಸಿಕೊಂಡೆ. ಇಂಜೆಕ್ಷನ್ ಬಿದ್ದ ಜಾಗದಲ್ಲಿ ಚರ್ಮ ತುಸು ತೆಳುವಾಗಿ ಬಿಳಿಚಿಕೊಂಡಿದೆ. ಅದಕ್ಕೆ ನನ್ನ ತಕರಾರಿಲ್ಲ.

ರಜೆಯಲ್ಲಿ ಮುಗಿಸುವ ಕೆಲಸವಲ್ಲ

ಹೊರನಾಡಿನಲ್ಲಿರುವ ನಮಗೊಂದು ಅಭ್ಯಾಸವಿದೆ. ಹಲ್ಲು, ಕಣ್ಣು, ಚಿಕ್ಕಪುಟ್ಟ ಆಪರೇಷನ್ ಎಲ್ಲ ಊರಿಗೆ ಹೋದಾಗಲೇ. ಗೊತ್ತಿರುವ ಡಾಕ್ಟರ್, ಆರೈಕೆಗೆ ಅವ್ವ, ಖರ್ಚೂ ಕಡಿಮೆ. ಕೀಲಾಯ್ಡ್ ವಿಷಯದಲ್ಲಿ ಮಾತ್ರ ಈ ಲೆಕ್ಕ ತಪ್ಪುತ್ತದೆ. ಮುಂದಿನ ಒಂದೆರಡು ವರ್ಷ ಎಲ್ಲಿರುತ್ತೀರೋ ಅಲ್ಲೇ ಮಾಡಿಸಿ. ವರ್ಗಾವಣೆ, ಆನ್‌ಸೈಟ್ ಮಾತು ನಡೆಯುತ್ತಿದ್ದರೆ ಅದು ತೀರ್ಮಾನವಾಗುವವರೆಗೆ ಕತ್ತಿಗೆ ಕೈ ಹಾಕಬೇಡಿ. ಅಷ್ಟರಲ್ಲಿ ಬರೀ ಇಂಜೆಕ್ಷನ್ನಿನಲ್ಲೇ ಸಣ್ಣ ಗಂಟು ಚಪ್ಪಟೆಯಾದರೂ ಆಗಬಹುದು. ಕತ್ತರಿಸಿದ ಮೇಲೆ ಏನೇನು, ಎಷ್ಟು ದಿನ, ಯಾರು ಮಾಡುತ್ತಾರೆ ಎಂದು ಮೊದಲೇ ಕೇಳಿ. ಉತ್ತರ ಇಲ್ಲದಿದ್ದರೆ ಬೇರೆ ಡಾಕ್ಟರ್ ನೋಡಿ. ಕಂಪನಿಯ ವಿಮೆಯವರು ಇದನ್ನು ಸೌಂದರ್ಯ ಚಿಕಿತ್ಸೆ ಎಂದು ತಳ್ಳಿಹಾಕುವ ಸಾಧ್ಯತೆಯಿದೆ. ನೋವು, ತುರಿಕೆ ಇದ್ದರೆ ಡಾಕ್ಟರಿಂದ ಬರೆಸಿಕೊಂಡು ಮೊದಲೇ ವಿಚಾರಿಸಿ.

ಇನ್ನು ಅವ್ವನ ಪ್ರಶ್ನೆ. ನನ್ನದೇ ಕಿವಿಯ ಮೊದಲ ತೂತು ಕೂಸಿದ್ದಾಗ ಚುಚ್ಚಿಸಿದ್ದು, ಅದಕ್ಕೆ ಏನೂ ಆಗಿಲ್ಲ. ಆಗಿದ್ದು ದೊಡ್ಡವಳಾದ ಮೇಲೆ ಹಾಕಿಸಿಕೊಂಡದ್ದಕ್ಕೆ. 2005ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಒಂದು ಸಣ್ಣ ಅಧ್ಯಯನವೂ ಇದನ್ನೇ ಹೇಳುತ್ತದೆ: ಹನ್ನೊಂದು ವರ್ಷ ದಾಟಿದ ಮೇಲೆ ಕಿವಿ ಚುಚ್ಚಿಸಿಕೊಂಡವರಲ್ಲಿ ಕೀಲಾಯ್ಡ್ ಹೆಚ್ಚು. ಇದನ್ನು ಹೇಳಿದ ಕೂಡಲೇ ಅವ್ವ ಗೆದ್ದಳು: "ನಾ ಹೇಳಿದ್ದೂ ಅದನ್ನ! ಸಣ್ಣಾಕಿ ಇದ್ದಾಗ ಚುಚ್ಚಸಬೇಕು." ಆದರೆ ಮನೆತನದಲ್ಲಿ ಕೀಲಾಯ್ಡ್ ಇದ್ದರೆ ಚುಚ್ಚಿಸದೇ ಇರುವುದೇ ಎಲ್ಲಕ್ಕಿಂತ ಕ್ಷೇಮ ಎಂಬುದು ನಮ್ಮ ಡಾಕ್ಟರ ಮಾತು. ಈಗ ಬೇಡವೆಂದು ಮುಂದೂಡಿ, ಅವಳು ಹದಿನೆಂಟಕ್ಕೆ ಹಟ ಹಿಡಿದು ಚುಚ್ಚಿಸಿಕೊಂಡರೆ? ಎರಡು ವಾರ ನಿದ್ದೆಗೆಟ್ಟು ಯೋಚಿಸಿ, ಗಂಡ-ಹೆಂಡತಿ ಕೂಡಿ, ಚುಚ್ಚಿಸುವುದು ಬೇಡ ಎಂದೆವು. ದೊಡ್ಡವಳಾದಾಗ ನನ್ನ ಕಿವಿ ತೋರಿಸಿ ಈ ಕಥೆ ಹೇಳುತ್ತೇನೆ. ಆಮೇಲಿನದು ಅವಳಿಗೆ ಬಿಟ್ಟದ್ದು.

ಅವ್ವ ಒಂದು ಭಾನುವಾರ ಫೋನೇ ಮಾಡಲಿಲ್ಲ. ಮುಂದಿನ ಭಾನುವಾರ ಕಾಲ್ ಬಂತು.

"ನಿನ್ನ ಕಿವಿಗೆ ಒತ್ತೋ ಕ್ಲಿಪ್ಪು ಇತ್ತಲ್ಲವಾ, ಅದರ ಫೋಟೊ ಕಳಸು."

"ಯಾಕವ್ವಾ?"

"ಪತ್ತಾರಗ ತೋರಸ್ತೀನಿ. ಚುಚ್ಚಸದ ಹಾಕೊಳ್ಳೋ ಅಂಥದ್ದು, ಹಗೂರಂದು, ಬಂಗಾರದಾಗ ಮಾಡಾಕ ಬರತೈತೇನು ಕೇಳ್ತೀನಿ. ಸಾಲಿಗೆ ಹೋಗೋ ಹೊತ್ತಿಗೆ ಹಾಕ್ಯಾಳ."

ಫೋಟೊ ಕಳಿಸಿದ್ದೇನೆ.