ಪೆನ್ ಡ್ರೈವ್ ಎಳೆಯುವ ಮುನ್ನ

ನಮ್ಮ ಸಂಘದ ಸ್ಮರಣ ಸಂಚಿಕೆಯ ಕೆಲಸ ಡೊಂಬಿವಲಿಯ ಗೆಳೆಯರೊಬ್ಬರ ಮನೆಯಲ್ಲಿ ನಡೆದಿತ್ತು. ಹಗಲು ಹೋಟೆಲಿನಲ್ಲಿ ದುಡಿದು ರಾತ್ರಿ ಶಾಲೆಯಲ್ಲಿ ಕಲಿತ ಹಿರಿಯರೊಬ್ಬರ ಸಂದರ್ಶನದ ರೆಕಾರ್ಡಿಂಗನ್ನು ಲ್ಯಾಪ್‌ಟಾಪಿನಿಂದ ಕಟ್ ಮಾಡಿ ಪೆನ್ ಡ್ರೈವಿಗೆ ಹಾಕಿದೆ. ಪರದೆಯ ಮೇಲಿನ ಹಸಿರು ಪಟ್ಟಿ ತುಂಬಿತು.

"ಆಯ್ತಲ್ಲ ಮಾರಾಯ್ರೆ, ಎಳೀರಿ. ಟ್ರೈನು ತಪ್ತದೆ" ಎಂದರು ಗೆಳೆಯರು. ಎಳೆದೆ. ಮನೆಗೆ ಬಂದು ನೋಡಿದರೆ ಫೈಲಿನ ಹೆಸರಿತ್ತು, ಒಳಗೆ ಧ್ವನಿ ಇರಲಿಲ್ಲ. ಲ್ಯಾಪ್‌ಟಾಪಿನಲ್ಲೂ ಅಳಿಸಿಹೋಗಿತ್ತು.

ಆದದ್ದೇನು? ಯುಎಸ್‌ಬಿ ಪೋರ್ಟಿಗೆ ಏನನ್ನಾದರೂ ಸಿಕ್ಕಿಸಿದಾಗ ತಂತಿಯ ವೋಲ್ಟೇಜ್ ಬದಲಾಗುತ್ತದೆ. ಪೋರ್ಟನ್ನು ಕಾಯುವ ಹಬ್ ಅದನ್ನು ಗಮನಿಸುತ್ತದೆ, ಆಪರೇಟಿಂಗ್ ಸಿಸ್ಟಮ್‌ಗೆ ತಿಳಿಸುತ್ತದೆ. ಸಿಸ್ಟಮ್ ಬಂದ ಸಾಧನದ ಗುರುತು ಕೇಳುತ್ತದೆ: ತಯಾರಕರ ಸಂಖ್ಯೆ ಏನು, ಯಾವ ಬಗೆಯದು? ತಕ್ಕ ಡ್ರೈವರ್ ಜೋಡಿಸಿದ ಮೇಲೆ, ಆಗಲೇ ಓಡುತ್ತಿರುವ ಪ್ರೋಗ್ರಾಂಗಳಿಗೆ ಸುದ್ದಿ ಮುಟ್ಟಿಸುತ್ತದೆ. ವಿಂಡೋಸ್‌ನಲ್ಲಿ ಇದು 'ಡಿವೈಸ್ ಚೇಂಜ್' ಎಂಬ ಸಂದೇಶ. ಲಿನಕ್ಸ್‌ನಲ್ಲಿ ಕರ್ನಲ್ 'ಯುಇವೆಂಟ್' ಕಳುಹಿಸುತ್ತದೆ. 2003ರಲ್ಲಿ ಹುಟ್ಟಿದ 'ಯುಡೆವ್' ಅದನ್ನು ಪಡೆದು, ಕಾದು ಕುಳಿತ ಪ್ರೋಗ್ರಾಂಗಳಿಗೆ ದಾಟಿಸುತ್ತದೆ.

ಬರುವ ಸುದ್ದಿ ಸುಲಭ. ಹೋಗುವಾಗಲೇ ಎಚ್ಚರ ಬೇಕು.

ನೀವು 'ಇಜೆಕ್ಟ್' ಒತ್ತಿದಾಗ ವಿಂಡೋಸ್ ಮೊದಲು ಕೇಳುತ್ತದೆ: "ಇದನ್ನು ತೆಗೆಯಬಹುದೇ?" ಒಳ್ಳೆಯ ಪ್ರೋಗ್ರಾಂ ತನ್ನ ಫೈಲು ಮುಚ್ಚಿ ಒಪ್ಪುತ್ತದೆ. ಕೆಲಸ ಬಾಕಿ ಇದ್ದರೆ ಬೇಡವೆನ್ನುತ್ತದೆ. 'ಡಿವೈಸ್ ಬಳಕೆಯಲ್ಲಿದೆ' ಎಂಬ, ನಮಗೆ ಸಿಟ್ಟು ಬರಿಸುವ ಆ ಉತ್ತರ ಹುಟ್ಟುವುದು ಹೀಗೆ. ಒಬ್ಬರು ಬೇಡವೆಂದರೆ, ಮೊದಲೇ ಒಪ್ಪಿದ್ದವರಿಗೂ 'ತೆಗೆಯುವುದು ರದ್ದಾಯಿತು' ಎಂದು ಹೇಳಿಕಳುಹಿಸುತ್ತದೆ.

ಕೇಳದೆ ಎಳೆದರೆ? ಆಗ ಪ್ರಶ್ನೆ ಇಲ್ಲ. 'ಹೋಯಿತು' ಎಂಬ ಸುದ್ದಿ ಮಾತ್ರ. ಊರಿನಿಂದ ಬರುವ ಫೋನಿನಲ್ಲೂ ಎರಡು ಬಗೆ ಉಂಟಲ್ಲ: "ಅಜ್ಜಿಗೆ ಹುಷಾರಿಲ್ಲ, ಬಂದು ಹೋಗು" ಎಂಬುದೊಂದು, ಎಲ್ಲ ಮುಗಿದ ಮೇಲಿನದು ಇನ್ನೊಂದು.

ನನ್ನ ತಪ್ಪು ಇಲ್ಲಿತ್ತು. ಕೆಲಸ ಬೇಗ ಸಾಗಲೆಂದು ಸಿಸ್ಟಮ್ ಬರೆಯಬೇಕಾದುದನ್ನು ಸ್ವಲ್ಪ ಹೊತ್ತು ಮೆಮೊರಿಯಲ್ಲೇ ಇಟ್ಟುಕೊಳ್ಳಬಹುದು. ಪಟ್ಟಿ ತುಂಬಿದರೂ ಪೆನ್ ಡ್ರೈವಿಗೆ ಇಳಿಯುವುದು ಬಾಕಿ ಇರಬಹುದು. ಇಜೆಕ್ಟ್ ಒತ್ತಿದರೆ ಬಾಕಿ ಪೂರ್ತಿಯಾಗುತ್ತದೆ. ವಿಂಡೋಸ್ 10ರ 1809ನೇ ಆವೃತ್ತಿಯಿಂದ ಹೀಗೆ ಕೂಡಿಡದಿರುವ 'ಕ್ವಿಕ್ ರಿಮೂವಲ್' ಪದ್ಧತಿಯೇ ಸಹಜವಾಗಿ ಇರುತ್ತದೆ. ಆದರೂ ಬರೆಯುತ್ತಿರುವಾಗ ಎಳೆದರೆ ಯಾವ ಪದ್ಧತಿಯೂ ಕಾಯದು. ಲಿನಕ್ಸ್ ಬಳಸುವವರಂತೂ ಇಜೆಕ್ಟ್ ಮರೆಯಲೇಬಾರದು.

ಫೋನಿನಲ್ಲೂ ಇದೇ ಕಥೆ. ಲೋಕಲಿನ ನೂಕುನುಗ್ಗಲಿನಲ್ಲಿ ಇಯರ್‌ಫೋನ್ ಕಿತ್ತುಬಂದರೆ ಹಾಡು ನಿಲ್ಲುತ್ತದೆ. ಅದು ತಾನಾಗಿ ಆಗುವುದಲ್ಲ. ಆಂಡ್ರಾಯ್ಡ್ 'ಆಡಿಯೊ ಬಿಕಮಿಂಗ್ ನಾಯ್ಸಿ' ಎಂದು ಸಾರುತ್ತದೆ; ಅಂದರೆ, ಇನ್ನು ಸದ್ದು ಹೊರಗೆ ಕೇಳಲಿದೆ. ಅದನ್ನು ಕೇಳಿಸಿಕೊಂಡು ಹಾಡು ನಿಲ್ಲಿಸುವುದು ಆ್ಯಪ್‌ನ ಹೊಣೆ. ಆ್ಯಪ್ ಕಿವಿಗೊಡದಿದ್ದರೆ ನಿಮ್ಮ ಯಕ್ಷಗಾನದ ಚೆಂಡೆ ಇಡೀ ಬೋಗಿಗೆ.

ಸಾರಲು ಸಿಸ್ಟಮ್ ಸಿದ್ಧ, ಕೇಳಲು ಪ್ರೋಗ್ರಾಂ ಸಿದ್ಧ. ನಡುವೆ ಎರಡು ಸೆಕೆಂಡು ಕಾಯಬೇಕಾದವರು ನಾವು. ಇನ್ನೊಂದು ಮಾತು: ಮುಖ್ಯವಾದುದನ್ನು ಕಟ್ ಮಾಡಬೇಡಿ, ಕಾಪಿ ಮಾಡಿ. ಹೊಸ ಪ್ರತಿ ತೆರೆದು ನೋಡಿದ ಮೇಲೆಯೇ ಹಳೆಯದನ್ನು ಅಳಿಸಿ.

ಆ ಹಿರಿಯರು ಬೇಸರಿಸದೆ ಇನ್ನೊಮ್ಮೆ ಕುಳಿತು ಎಲ್ಲ ಹೇಳಿದರು. ಮೊದಲ ದಿನ ಹೋಟೆಲಿನ ಗೆಳೆಯರು ಕಟ್ಟಿದ್ದ ಹಾಡೊಂದನ್ನು ಹಾಡಿದ್ದರು. ಎರಡನೆಯ ಸಲ ಅದು ಅವರಿಗೆ ನೆನಪಾಗಲಿಲ್ಲ.